ವೇಟ್‌ಲಿಸ್ಟ್‌ನಿಂದ ಸಿಕ್ಕ ಕಾನೂನು ಸೀಟನ್ನು ಒಂದು ವರ್ಷ ಮುಂದೂಡಲು ಕೇಳಬಹುದೇ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 27. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಜೆ.ಡಿ. (ಅಲ್ಲಿನ ಮೂರು ವರ್ಷದ ಕಾನೂನು ಪದವಿ) ಓದಲು ಅರ್ಜಿ ಹಾಕಿದ್ದೆ. ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯ ಅರ್ಧ ಶುಲ್ಕದ ವಿದ್ಯಾರ್ಥಿವೇತನದೊಂದಿಗೆ ಸೀಟು ಕೊಟ್ಟಿತು. ಏಪ್ರಿಲ್‌ನಲ್ಲಿ ಠೇವಣಿ ಕಟ್ಟಿ, ಜೂನ್‌ನಲ್ಲಿ ಚೆನ್ನೈಗೆ ಹೋಗಿ ವೀಸಾ ಪಡೆದೆ. ಜುಲೈ ಮೂರನೆಯ ವಾರ, ನನ್ನನ್ನು ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದ ಪೂರ್ವ ಕರಾವಳಿಯ ಖಾಸಗಿ ಕಾಲೇಜು ‘ಸೀಟು ಇದೆ, ಮೂರು ದಿನದಲ್ಲಿ ತಿಳಿಸಿ’ ಎಂದಿತು. ಅದೇ ನನ್ನ ಮೊದಲ ಆಯ್ಕೆ. ಒಪ್ಪಿಕೊಂಡೆ, ಠೇವಣಿ ಕಟ್ಟಿದೆ, ಹಳೆಯ ಸೀಟು ಬಿಟ್ಟುಕೊಟ್ಟೆ. ಮರುವಾರವೇ ತಂದೆಯವರ ಹೃದಯದ ರಕ್ತನಾಳಗಳಲ್ಲಿ ಮೂರು ಕಡೆ ಅಡಚಣೆ ಇರುವುದು ಗೊತ್ತಾಯಿತು. ಆಗಸ್ಟ್ ಎರಡನೆಯ ವಾರ ಬೈಪಾಸ್ ಶಸ್ತ್ರಚಿಕಿತ್ಸೆ. ಕಾಲೇಜಿನ ಓರಿಯಂಟೇಷನ್ (ತರಗತಿಗಳಿಗೆ ಮುಂಚಿನ ಪರಿಚಯ ಕಾರ್ಯಕ್ರಮ) ಆಗಸ್ಟ್ 18ಕ್ಕೆ. ಮನೆಯಲ್ಲಿ ಅಮ್ಮ ಒಬ್ಬರೇ. ಹೊಸ ಕಾಲೇಜಿನಲ್ಲಿ ವಿದ್ಯಾರ್ಥಿವೇತನವೂ ಇಲ್ಲ, ಬ್ಯಾಂಕ್ ಸಾಲ ಮತ್ತೆ ಮಂಜೂರಾಗಬೇಕು. ಒಂದು ವರ್ಷ ಮುಂದೂಡಲು ಕೇಳಬೇಕೆಂದಿದ್ದೇನೆ. ವೇಟ್‌ಲಿಸ್ಟ್‌ನಿಂದ ಬಂದವರು ಹಾಗೆ ಕೇಳಿದರೆ ಸೀಟೇ ಹೋಗುತ್ತದೆ ಎನ್ನುತ್ತಾರೆ, ನಿಜವೇ? ‘ವೀಸಾ ಸಿಗಲಿಲ್ಲ ಎಂದು ಬರೆದುಬಿಡು, ಅದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ’ ಎಂದು ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲಿಗೆ, ನಿಮ್ಮ ತಂದೆಯವರು ಬೇಗ ಗುಣಮುಖರಾಗಲಿ. ಬೈಪಾಸ್ ಈಗ ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವ ಶಸ್ತ್ರಚಿಕಿತ್ಸೆ. ಆದರೂ ಮನೆಯವರಿಗೆ ಅದು ದಿನನಿತ್ಯದ ಮಾತಲ್ಲ. ನೀವು ಅಲ್ಲಿರಬೇಕೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕೇಳಬಹುದು. ಮರ್ಯಾದೆಯಿಂದ, ಸರಿಯಾದ ಮಾತುಗಳಲ್ಲಿ ಕೇಳಿದ ಮಾತ್ರಕ್ಕೆ ಕೊಟ್ಟ ಸೀಟನ್ನು ಕಿತ್ತುಕೊಳ್ಳುವ ಕಾಲೇಜುಗಳು ತೀರಾ ವಿರಳ. ಆದರೆ ‘ಆಗಲಿ’ ಎಂಬ ಉತ್ತರ ಬರುವ ಸಾಧ್ಯತೆ, ಮಾರ್ಚ್‌ನಲ್ಲೇ ಸೀಟು ಪಡೆದವರಿಗಿಂತ ನಿಮಗೆ ಬಹಳ ಕಡಿಮೆ. ವೇಟ್‌ಲಿಸ್ಟ್‌ನಿಂದ ಬಂದವರಿಗೆ ಮುಂದೂಡಿಕೆ ಇಲ್ಲ ಎಂದು ನಿಯಮದಲ್ಲೇ ಬರೆದುಕೊಂಡಿರುವ ಕಾಲೇಜುಗಳಿವೆ. ಹಾಗಾಗಿ ಇಲ್ಲವೆಂದರೆ ಏನು ಮಾಡುತ್ತೀರಿ ಎಂಬುದನ್ನು ಕೇಳುವ ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಿ. ಆ ತೀರ್ಮಾನವಿಲ್ಲದೆ ಫೋನ್ ಮಾಡಿದರೆ, ಆ ಕಡೆಯವರು ‘ಹಾಗಾದರೆ ಈ ವರ್ಷ ಬರುತ್ತೀರೋ ಇಲ್ಲವೋ’ ಎಂದು ಕೇಳಿದಾಗ ತಡಬಡಿಸುತ್ತೀರಿ. ಆ ತಡಬಡಿಕೆಯಲ್ಲಿ ಆಡಿದ ಮಾತೇ ಸೀಟಿಗೆ ಕುತ್ತಾಗಬಹುದು.

ವೇಟ್‌ಲಿಸ್ಟ್ ಸೀಟು ಏಕೆ ಬೇರೆ ಎಂಬುದು ಅರ್ಥವಾದರೆ ಉಳಿದ ಎಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ನಾನು ಕೆಲವು ವರ್ಷ ಅಮೆರಿಕದ ಒಂದು ಕಾನೂನು ಕಾಲೇಜಿನ ಪ್ರವೇಶ ಕಚೇರಿಯಲ್ಲಿ ಕೆಲಸ ಮಾಡಿದವನು. ಜುಲೈ ತಿಂಗಳಲ್ಲಿ ಆ ಕಚೇರಿಯಲ್ಲಿ ನಡೆಯುವುದು ಒಂದೇ ಕೆಲಸ: ತೂತು ಮುಚ್ಚುವುದು. ಏಪ್ರಿಲ್ ಮಧ್ಯದಲ್ಲಿ ಮೊದಲ ಠೇವಣಿಗಳು ಬಂದಾಗ ತರಗತಿ ತುಂಬಿದಂತೆ ಕಾಣುತ್ತದೆ. ಆಮೇಲೆ ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ. ಮೇಲಿನ ಕಾಲೇಜು ತನ್ನ ವೇಟ್‌ಲಿಸ್ಟ್‌ನಿಂದ ಒಬ್ಬರನ್ನು ಕರೆದರೆ ಅವರು ಬಿಟ್ಟುಬಂದ ಕಾಲೇಜಿನಲ್ಲಿ ಒಂದು ಜಾಗ ಖಾಲಿ. ಅದನ್ನು ತುಂಬಲು ಆ ಕಾಲೇಜು ಇನ್ನೊಬ್ಬರನ್ನು ಕರೆದರೆ ಅದರ ಕೆಳಗಿನ ಕಾಲೇಜಿನಲ್ಲಿ ಮತ್ತೊಂದು ಖಾಲಿ. ಈ ಸರಪಳಿ ಓರಿಯಂಟೇಷನ್ ವಾರದವರೆಗೂ ನಡೆಯುವುದುಂಟು. ನಿಮ್ಮನ್ನು ಕರೆದದ್ದು ಅಂಥ ಒಂದು ಖಾಲಿ ಜಾಗಕ್ಕೆ. ನೀವು ಬಿಟ್ಟುಬಂದ ಸರ್ಕಾರಿ ವಿಶ್ವವಿದ್ಯಾಲಯವೂ ಈಗ ನಿಮ್ಮ ಜಾಗಕ್ಕೆ ಯಾರನ್ನೋ ಹುಡುಕುತ್ತಿರುತ್ತದೆ.

ನಮ್ಮ ಕಡೆಯವರಿಗೆ ಸಿಇಟಿ ಕೌನ್ಸೆಲಿಂಗ್ ಗೊತ್ತು. ಕೊನೆಯ ಸುತ್ತಿನಲ್ಲಿ ಉಳಿದ ಸೀಟು ಹಂಚುವುದು ಆ ವರ್ಷದ ಬೆಂಚು ಖಾಲಿ ಉಳಿಯಬಾರದೆಂದು. ಆ ಸುತ್ತಿನಲ್ಲಿ ಸೀಟು ಹಿಡಿದವರು ‘ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ’ ಎಂದರೆ ಕೊಟ್ಟ ಉದ್ದೇಶವೇ ಬಿದ್ದುಹೋಗುತ್ತದೆ. ನಿಮ್ಮ ಕೋರಿಕೆ ಪ್ರವೇಶ ಕಚೇರಿಯ ಕಿವಿಗೆ ಹಾಗೆ ಕೇಳಿಸುತ್ತದೆ. ಅವರು ಕಲ್ಲುಹೃದಯದವರೆಂದಲ್ಲ. ಈ ಆಗಸ್ಟಿನಲ್ಲಿ ಒಂದು ಕುರ್ಚಿ ತುಂಬಲೆಂದು ನಿಮ್ಮನ್ನು ಕರೆದರು. ನೀವು ಮುಂದೂಡಿದರೆ ಈ ವರ್ಷದ ಕುರ್ಚಿ ಮತ್ತೆ ಖಾಲಿ, ಮುಂದಿನ ವರ್ಷದ ಒಂದು ಕುರ್ಚಿ ಈಗಲೇ ಭರ್ತಿ. ಎರಡೂ ಕಡೆ ಅವರಿಗೆ ನಷ್ಟ.

ಇದಕ್ಕೆ ಅಂಕಿಗಳ ಲೆಕ್ಕವೂ ಸೇರಿಕೊಂಡಿದೆ. ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾನ್ಯತೆ ಇರುವ ಪ್ರತಿ ಕಾಲೇಜೂ ತನ್ನ ಹೊಸ ತರಗತಿಯ ಎಲ್‌ಸ್ಯಾಟ್ (ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ) ಮತ್ತು ಪದವಿ ಅಂಕಗಳ ಮಧ್ಯಾಂಕವನ್ನು, ಅಂದರೆ ಎಲ್ಲರ ಅಂಕಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಅಂಕವನ್ನು, ಪ್ರತಿ ಡಿಸೆಂಬರ್‌ನಲ್ಲಿ ಪ್ರಕಟಿಸಬೇಕು. ಲೆಕ್ಕಕ್ಕೆ ಬರುವವರು ಅಕ್ಟೋಬರ್ ಆರಂಭದಲ್ಲಿ ತರಗತಿಯಲ್ಲಿ ನಿಜವಾಗಿ ಕುಳಿತಿರುವವರು. ವೇಟ್‌ಲಿಸ್ಟ್‌ನಿಂದ ಯಾರನ್ನು ಎತ್ತಿಕೊಳ್ಳಬೇಕೆಂದು ಜುಲೈನಲ್ಲಿ ಯೋಚಿಸುವಾಗ ಈ ಮಧ್ಯಾಂಕ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಭಾರತದಲ್ಲಿ ಓದಿದವರ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ನಮ್ಮ ವಿಶ್ವವಿದ್ಯಾಲಯಗಳ ಅಂಕಪಟ್ಟಿಯನ್ನು, ಎಲ್‌ಸ್ಯಾಟ್ ನಡೆಸುವ ಎಲ್‌ಸ್ಯಾಕ್ ಸಂಸ್ಥೆ ಅಮೆರಿಕದ ನಾಲ್ಕು ಪಾಯಿಂಟ್ ಲೆಕ್ಕಕ್ಕೆ ಇಳಿಸುವುದಿಲ್ಲ. ‘ಅತ್ಯುತ್ತಮ’, ‘ಸರಾಸರಿಗಿಂತ ಮೇಲು’ ಎಂಬಂಥ ದರ್ಜೆಯನ್ನಷ್ಟೇ ಕೊಡುತ್ತದೆ. ಅಂದರೆ ನಿಮ್ಮ ಎಂಜಿನಿಯರಿಂಗ್ ಅಂಕ ಅವರ ಮಧ್ಯಾಂಕವನ್ನು ಮೇಲೆತ್ತುವುದೂ ಇಲ್ಲ, ಕೆಳಗಿಳಿಸುವುದೂ ಇಲ್ಲ. ಲೆಕ್ಕಕ್ಕೆ ಬರುವುದು ಎಲ್‌ಸ್ಯಾಟ್ ಒಂದೇ. ನಿಮ್ಮ ಎಲ್‌ಸ್ಯಾಟ್ ಅಂಕ ಆ ಕಾಲೇಜಿನ ಮಧ್ಯಾಂಕಕ್ಕಿಂತ ಮೇಲಿದ್ದರೆ, ಮುಂದಿನ ವರ್ಷಕ್ಕೂ ನೀವು ಅವರಿಗೆ ಬೇಕಾದವರೇ. ನಿಮ್ಮ ಕೋರಿಕೆಗೆ ಸ್ವಲ್ಪ ತೂಕ ಬರುತ್ತದೆ. ಕೆಳಗಿದ್ದರೆ, ನಿಮ್ಮ ಪೇಟೆಂಟ್ ಅನುಭವವನ್ನು ನೋಡಿ ಈ ವರ್ಷ ಕರೆದಿದ್ದಾರೆ ಎಂದುಕೊಳ್ಳಿ. ಈ ಹೋಲಿಕೆಯನ್ನು ಇಂದೇ ಮಾಡಿ. ಮಧ್ಯಾಂಕ ಕಾಲೇಜಿನ ಜಾಲತಾಣದಲ್ಲೇ ಇರುತ್ತದೆ.

ಇನ್ನೊಂದನ್ನೂ ಇಂದೇ ಮಾಡಿ. ವೇಟ್‌ಲಿಸ್ಟ್‌ನಲ್ಲಿದ್ದಾಗ ಆ ಕಾಲೇಜಿಗೆ ನೀವು ಬರೆದ ಆಸಕ್ತಿಯ ಪತ್ರಗಳನ್ನು ತೆಗೆದು ಓದಿ. ‘ಸೀಟು ಕೊಟ್ಟರೆ ಈ ಆಗಸ್ಟಿನಲ್ಲಿ ಖಂಡಿತ ಬರುತ್ತೇನೆ’ ಎಂದು ಬರೆದಿದ್ದೀರಾ? ಬಹುತೇಕ ಎಲ್ಲರೂ ಬರೆಯುತ್ತಾರೆ. ಬರೆಯಿರಿ ಎಂದು ನಾನೇ ಸಲಹೆ ಕೊಡುತ್ತೇನೆ. ಆ ಸಾಲನ್ನು ನಂಬಿಯೇ ಅವರು ನಿಮ್ಮನ್ನು ಕರೆದಿರುತ್ತಾರೆ. ಬೇರೆಯವರನ್ನು ಬಿಟ್ಟು ನಿಮಗೆ ಕರೆ ಬಂದದ್ದು ಆ ಸಾಲಿನಿಂದಲೂ ಇರಬಹುದು. ಈಗ ಬರೆಯುವ ಪತ್ರ ಆ ಮಾತನ್ನು ಮರೆತಂತೆ ಇರಬಾರದು. ‘ಈ ಆಗಸ್ಟಿನಲ್ಲಿ ಬರುತ್ತೇನೆಂದು ಬರೆದಿದ್ದೆ, ಮನಸ್ಸಿನಿಂದಲೇ ಬರೆದಿದ್ದೆ. ಅದಾದ ಮೇಲೆ ಹೀಗಾಯಿತು’ ಎಂದು ನೀವೇ ಎತ್ತಿ ಹೇಳಿದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಉಳಿಯುತ್ತದೆ.

ಯಾವ ಕಾರಣಕ್ಕೆ ಒಪ್ಪುತ್ತಾರೆ? ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸವಿದ್ದರೂ ಒಂದು ವಿಷಯ ಎಲ್ಲ ಕಡೆ ಸಮಾನ. ನೀವು ಒಪ್ಪಿಕೊಂಡ ದಿನ ಇಲ್ಲದಿದ್ದ, ನಿಮ್ಮ ಕೈಯಲ್ಲಿಲ್ಲದ ಸಂಗತಿಗೆ ಬೆಲೆ ಇದೆ. ಅರ್ಜಿದಾರರ ಅಥವಾ ಮನೆಯವರ ಗಂಭೀರ ಕಾಯಿಲೆ, ಸೇನಾ ಸೇವೆಯ ಆದೇಶ, ಎಷ್ಟು ಪ್ರಯತ್ನಿಸಿದರೂ ಸಿಗದ ವೀಸಾ, ಫುಲ್‌ಬ್ರೈಟ್‌ನಂಥ ಫೆಲೋಶಿಪ್, ಇವು ಆ ಸಾಲಿಗೆ ಸೇರುತ್ತವೆ. ‘ಇನ್ನೊಂದು ವರ್ಷ ಕೆಲಸ ಮಾಡಿ ಹಣ ಕೂಡಿಸುತ್ತೇನೆ’, ‘ಬಡ್ತಿ ಸಿಗುವಂತಿದೆ’, ‘ಸ್ವಲ್ಪ ಯೋಚಿಸಬೇಕು’ ಎಂಬುವು ಸೇರುವುದಿಲ್ಲ. ಅವೆಲ್ಲ ಒಪ್ಪಿಕೊಳ್ಳುವ ಮೊದಲೇ ಗೊತ್ತಿದ್ದ ಸಂಗತಿಗಳು. ಎರಡು ವರ್ಷ ಬಿಟ್ಟು ಬನ್ನಿ ಎಂದು ತಾವಾಗಿಯೇ ಹೇಳುವ ಕಾಲೇಜುಗಳೂ ಇವೆ. ಪದವಿಯ ಮೂರನೆಯ ವರ್ಷದಲ್ಲೇ ಅರ್ಜಿ ಹಾಕಿಸಿಕೊಳ್ಳುವ ಹಾರ್ವರ್ಡ್‌ನ ಜೂನಿಯರ್ ಡಿಫರಲ್ ಯೋಜನೆ ಅಂಥದ್ದು. ಅದನ್ನು ತೋರಿಸಿ ‘ಅಲ್ಲಿ ಕೊಡುತ್ತಾರಲ್ಲ’ ಎಂದು ವಾದಿಸಬೇಡಿ. ಅದು ಬೇರೆಯೇ ಬಾಗಿಲು.

ನಿಮ್ಮ ತಂದೆಯವರ ಕಾಯಿಲೆ ಗೊತ್ತಾದದ್ದು ನೀವು ಒಪ್ಪಿಕೊಂಡ ಮರುವಾರ. ವೈದ್ಯರ ಪತ್ರದಲ್ಲಿರುವ ದಿನಾಂಕವೇ ಅದನ್ನು ಹೇಳುತ್ತದೆ. ಇಂಥ ಪತ್ರ ನನ್ನ ಮೇಜಿಗೆ ಬಂದಿದ್ದರೆ ಅದನ್ನು ಪಕ್ಕಕ್ಕೆ ಸರಿಸುತ್ತಿರಲಿಲ್ಲ, ಡೀನ್ ಬಳಿಗೆ ಒಯ್ಯುತ್ತಿದ್ದೆ.

ಈಗ ವೀಸಾ ಸುಳ್ಳಿನ ವಿಷಯ. ಗೆಳೆಯರ ಆ ಸಲಹೆಯನ್ನು ಕೇಳಲೇಬೇಡಿ. ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ. ಆ ದೇಶದಲ್ಲಿ ವಕೀಲರಾಗಲು ಬಾರ್ ಪರೀಕ್ಷೆ ಪಾಸಾದರೆ ಸಾಲದು; ಪ್ರತಿ ರಾಜ್ಯವೂ ಅಭ್ಯರ್ಥಿಯ ಚಾರಿತ್ರ್ಯ ಮತ್ತು ಯೋಗ್ಯತೆಯನ್ನು ತನಿಖೆ ಮಾಡುತ್ತದೆ. ಆ ತನಿಖೆಯಲ್ಲಿ ಕಾನೂನು ಕಾಲೇಜಿಗೆ ಕೊಟ್ಟ ಅರ್ಜಿ, ದಾಖಲೆಗಳೆಲ್ಲ ಪರಿಶೀಲನೆಗೆ ಬರಬಹುದು. ಮೂರು ವರ್ಷ ಕಷ್ಟಪಟ್ಟು ಓದಿ, ಕೊನೆಯ ಮೆಟ್ಟಿಲಲ್ಲಿ ಹಳೆಯದೊಂದು ಸುಳ್ಳು ಪತ್ರಕ್ಕೆ ಸಮಜಾಯಿಷಿ ಕೊಡುತ್ತಾ ನಿಲ್ಲುವ ಪರಿಸ್ಥಿತಿ ಯಾರಿಗೂ ಬೇಡ. ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದು, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ‘ತಿರಸ್ಕಾರದ ಚೀಟಿ ಕಳುಹಿಸಿ, ನಾವು ನೆರವಾಗುತ್ತೇವೆ’ ಎಂದಾಗ ಉತ್ತರವಿಲ್ಲದೆ ಸೀಟನ್ನೇ ಕೈಬಿಟ್ಟದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅವಳಿಗೆ ಇದ್ದ ನಿಜವಾದ ಕಾರಣ ಸುಳ್ಳಿಗಿಂತ ಎಷ್ಟೋ ಗಟ್ಟಿಯಾಗಿತ್ತು.

ನಿಮಗಂತೂ ವೀಸಾ ವಿಷಯದಲ್ಲಿ ಸುಳ್ಳೇ ಬೇಡ, ನಿಜವಾದ ತೊಡಕೇ ಇದೆ. ಅದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಜೂನ್‌ನಲ್ಲಿ ನಿಮ್ಮ ಪಾಸ್‌ಪೋರ್ಟಿಗೆ ಅಂಟಿಸಿದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಹಳೆಯ ವಿಶ್ವವಿದ್ಯಾಲಯದ ಹೆಸರಿದೆ. ಮೊದಲ ಬಾರಿ ಅಮೆರಿಕಕ್ಕೆ ಕಾಲಿಡುವ ವಿದ್ಯಾರ್ಥಿ ವೀಸಾದಲ್ಲಿ ನಮೂದಾದ ಸಂಸ್ಥೆಗೇ ಹೋಗುವವರಾಗಿರಬೇಕು ಎಂಬುದು ಅಲ್ಲಿನ ನಿಯಮ. ಹೊಸ ಕಾಲೇಜಿನಿಂದ ಹೊಸ ಐ-20 (ವೀಸಾಕ್ಕಾಗಿ ಕಾಲೇಜು ಕೊಡುವ ಪ್ರವೇಶ ದಾಖಲೆ) ಬರಬೇಕು, ಅದಕ್ಕೆ ಸಾಲ ಮಂಜೂರಾತಿ ಪತ್ರ ಬೇಕು, ಆ ಮೇಲೆ ಮತ್ತೆ ವೀಸಾ ಸಂದರ್ಶನ. ಹಿಂದೆ ಕಟ್ಟಿದ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕವನ್ನು ಹೊಸ ಐ-20ರ ಸಂಖ್ಯೆಗೆ ವರ್ಗಾಯಿಸಿಕೊಳ್ಳಬಹುದು, ಅಷ್ಟರ ಮಟ್ಟಿಗೆ ಉಳಿತಾಯ. ಆದರೆ ಆಗಸ್ಟ್‌ನಲ್ಲಿ ಚೆನ್ನೈ ಅಥವಾ ಹೈದರಾಬಾದಿನಲ್ಲಿ ಸಂದರ್ಶನದ ದಿನ ಸಿಗುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು. 2025ರಲ್ಲಿ ಮೇ ಕೊನೆಯಿಂದ ಜೂನ್ ಮೂರನೆಯ ವಾರದವರೆಗೆ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿಯನ್ನೇ ಅಮೆರಿಕ ನಿಲ್ಲಿಸಿತ್ತು. ಆ ಬೇಸಿಗೆಯಲ್ಲಿ ಅನೇಕ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಗೆ ಮುಂದೂಡಿಕೆ ಕೊಟ್ಟವು. ಹೀಗಾಗಿ ಪ್ರವೇಶ ಕಚೇರಿಗಳಿಗೆ ಈ ತೊಡಕು ಈಗ ಚೆನ್ನಾಗಿ ಪರಿಚಿತ. ‘ನನ್ನ ವೀಸಾ ಬೇರೆ ಸಂಸ್ಥೆಯ ಹೆಸರಿನಲ್ಲಿದೆ, ಹೊಸ ಐ-20 ಇನ್ನೂ ಬಂದಿಲ್ಲ, ಸಂದರ್ಶನದ ದಿನ ಇಂಥ ತಾರೀಖಿಗೆ ಮಾತ್ರ ಸಿಗುತ್ತಿದೆ’ ಎಂದು, ಪರದೆಯ ಚಿತ್ರದೊಂದಿಗೆ, ಇರುವುದನ್ನು ಇದ್ದ ಹಾಗೆ ಬರೆಯಿರಿ. ತಂದೆಯವರ ಶಸ್ತ್ರಚಿಕಿತ್ಸೆ ಮೊದಲ ಕಾರಣ, ಇದು ಎರಡನೆಯದು. ಎರಡೂ ಸತ್ಯ, ಎರಡಕ್ಕೂ ಕಾಗದವಿದೆ.

ಹಣದ ಮಾತಿಗೆ ಬರುತ್ತೇನೆ. ಇಲ್ಲಿ ನಿಮ್ಮೊಂದಿಗೆ ಸ್ವಲ್ಪ ಕಟುವಾಗಿಯೇ ಮಾತಾಡಬೇಕಾಗಿದೆ. ಪೂರ್ವ ಕರಾವಳಿಯ ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 75,000 ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಅರವತ್ತು ಲಕ್ಷ ರೂಪಾಯಿಗೂ ಮೇಲೆ. ಮನೆ ಬಾಡಿಗೆ, ಊಟ, ವಿಮೆ ಬೇರೆ. ಮೂರು ವರ್ಷಕ್ಕೆ ಇದನ್ನು ಗುಣಿಸಿ ನೋಡಿ. ವಿದ್ಯಾರ್ಥಿವೇತನದ ಹಣ ಜುಲೈ ವೇಳೆಗೆ ಬಹುಪಾಲು ಹಂಚಿಹೋಗಿರುತ್ತದೆ, ಆದ್ದರಿಂದ ವೇಟ್‌ಲಿಸ್ಟ್‌ನಿಂದ ಬಂದವರಿಗೆ ಸಿಗುವುದು ಕಡಿಮೆ. ಒಂದು ವರ್ಷ ಮುಂದೂಡಿದರೆ ಮುಂದಿನ ವರ್ಷ ವಿದ್ಯಾರ್ಥಿವೇತನ ಸಿಗಬಹುದು ಎಂಬ ಆಸೆ ನಿಮ್ಮ ಮನಸ್ಸಿನ ಮೂಲೆಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಬರುತ್ತೇನೆಂದು ಆಗಲೇ ಒಪ್ಪಿಕೊಂಡವರನ್ನು ಒಲಿಸಲು ಯಾರೂ ಹಣ ಕೊಡುವುದಿಲ್ಲ. ಮುಂದೂಡಿಕೆ ಕೊಡುವಾಗ ಸಾಮಾನ್ಯವಾಗಿ ಒಂದು ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ: ಬೇರೆ ಯಾವ ಕಾನೂನು ಕಾಲೇಜಿಗೂ ಅರ್ಜಿ ಹಾಕುವುದಿಲ್ಲ, ಇರುವ ಅರ್ಜಿಗಳನ್ನು ಹಿಂದಕ್ಕೆ ಪಡೆಯುತ್ತೇನೆ, ಮುಂದಿನ ಆಗಸ್ಟಿನಲ್ಲಿ ಇಲ್ಲಿಗೇ ಸೇರುತ್ತೇನೆ. ಅದನ್ನು ಮುರಿದರೆ ಇತರ ಕಾಲೇಜುಗಳಿಗೆ ತಿಳಿಯದೆ ಹೋಗುವುದಿಲ್ಲ, ಏಕೆಂದರೆ ಎಲ್ಲರ ಅರ್ಜಿಗಳೂ ಎಲ್‌ಸ್ಯಾಕ್‌ನ ಒಂದೇ ವ್ಯವಸ್ಥೆಯಲ್ಲಿ ಹರಿಯುತ್ತವೆ.

ಹಾಗಾಗಿ ನಿಮ್ಮನ್ನೇ ಕೇಳಿಕೊಳ್ಳಿ: ತಂದೆಯವರ ಶಸ್ತ್ರಚಿಕಿತ್ಸೆ ಜೂನ್‌ನಲ್ಲೇ ಮುಗಿದುಹೋಗಿದ್ದರೆ, ಈ ಕಾಲೇಜಿಗೆ ಪೂರ್ತಿ ಶುಲ್ಕ ಕಟ್ಟಿ ಈ ಆಗಸ್ಟಿನಲ್ಲಿ ನೆಮ್ಮದಿಯಿಂದ ವಿಮಾನ ಹತ್ತುತ್ತಿದ್ದಿರಾ? ಹೌದು ಎಂದಾದರೆ ಮುಂದೂಡಿಕೆ ನಿಮಗೆ ಸರಿಯಾದ ದಾರಿ. ಇಲ್ಲ ಎಂದಾದರೆ ನಿಮಗೆ ಬೇಕಾಗಿರುವುದು ಮುಂದೂಡಿಕೆಯಲ್ಲ, ಹೊಸ ಅರ್ಜಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಾಗಿಲು ತೆರೆದ ಕೂಡಲೇ ಹಾಕಿದ ಅರ್ಜಿಗೆ ಸೀಟೂ ವಿದ್ಯಾರ್ಥಿವೇತನವೂ ಎರಡೂ ಇನ್ನೂ ಹಂಚಿಕೆಯಾಗಿರುವುದಿಲ್ಲ. ನಿಮ್ಮ ಎಲ್‌ಸ್ಯಾಟ್ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಶಿಫಾರಸು ಪತ್ರಗಳನ್ನು ಮತ್ತೆ ಬಳಸಬಹುದು, ವ್ಯವಸ್ಥಾಪಕರಿಂದ ಹೊಸದೊಂದನ್ನು ಬರೆಸಿದರೆ ಇನ್ನೂ ಒಳ್ಳೆಯದು. ಅಪಾಯವೂ ಇದೆ: 2025ರ ಪ್ರವೇಶದ ಸುತ್ತಿನಲ್ಲಿ ಅರ್ಜಿದಾರರ ಸಂಖ್ಯೆ ಗಣನೀಯವಾಗಿ ಏರಿತು, ಈ ವರ್ಷ ಕೊಟ್ಟ ಕಾಲೇಜು ಮುಂದಿನ ವರ್ಷವೂ ಕೊಡುತ್ತದೆಂಬ ಭರವಸೆ ಇಲ್ಲ. ಹಾಗಿದ್ದರೂ, ವಿದ್ಯಾರ್ಥಿವೇತನವಿಲ್ಲದ ದುಬಾರಿ ಸೀಟಿಗೆ ಕರಾರು ಬರೆದುಕೊಟ್ಟು ಒಂದು ವರ್ಷ ಕಟ್ಟಿಹಾಕಿಸಿಕೊಳ್ಳುವುದಕ್ಕಿಂತ, ಅರ್ಧ ಶುಲ್ಕದ ವಿದ್ಯಾರ್ಥಿವೇತನವನ್ನು ಈಗಾಗಲೇ ಒಮ್ಮೆ ಗೆದ್ದಿರುವ ನಿಮ್ಮಂಥವರು ಮತ್ತೆ ಅರ್ಜಿ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ‘ಮೊದಲ ಆಯ್ಕೆ’ ಎಂಬ ಮಾತಿಗೆ ಬೆಲೆ ಇದೆ. ಒಂದೂವರೆ ಕೋಟಿಗೂ ಹೆಚ್ಚಿನ ಸಾಲಕ್ಕೆ ಸಮನಾದ ಬೆಲೆ ಇದೆಯೇ ಎಂಬುದನ್ನು ನೀವು, ಅಮ್ಮ, ಸಾಲಕ್ಕೆ ಜಾಮೀನು ನಿಲ್ಲುವವರು ಸೇರಿ ತೀರ್ಮಾನಿಸಬೇಕು.

ಕೇಳುವುದೆಂದು ನಿರ್ಧರಿಸಿದರೆ ಹೀಗೆ ಕೇಳಿ. ಮೊದಲು ಫೋನ್. ನೀವೇ ಮಾಡಬೇಕು. ಅಣ್ಣ, ಮಾವ, ಏಜೆಂಟ್ ಯಾರೂ ಬೇಡ. ಕಾನೂನು ಕಾಲೇಜು ನಿಮ್ಮನ್ನು ನಾಳಿನ ವಕೀಲರೆಂದು ನೋಡುತ್ತದೆ. ಸೀಟು ಕೊಟ್ಟಾಗ ನಿಮ್ಮೊಂದಿಗೆ ಮಾತಾಡಿದ ಅಧಿಕಾರಿಯನ್ನೇ ಕೇಳಿ. ಐದು ನಿಮಿಷದಲ್ಲಿ ವಿಷಯ ತಿಳಿಸಿ, ‘ಇಂದೇ ಬರೆದು ಕಳುಹಿಸುತ್ತೇನೆ, ಯಾರ ಹೆಸರಿಗೆ ಕಳುಹಿಸಲಿ’ ಎಂದು ಕೇಳಿ, ಅದೇ ದಿನ ಮಿಂಚಂಚೆ ಕಳುಹಿಸಿ.

ಆ ಪತ್ರ ಒಂದು ಪುಟ ಮೀರಬಾರದು. ಮೊದಲ ಸಾಲಿನಲ್ಲೇ ಏನು ಕೇಳುತ್ತಿದ್ದೀರಿ ಎಂಬುದಿರಲಿ: ಒಂದು ವರ್ಷದ ಮುಂದೂಡಿಕೆಯನ್ನು ಪರಿಗಣಿಸಲು ಸಾಧ್ಯವೇ. ಆ ಮೇಲೆ ದಿನಾಂಕಗಳು: ಸೀಟು ಒಪ್ಪಿಕೊಂಡ ದಿನ, ಆಂಜಿಯೋಗ್ರಾಂ ಆದ ದಿನ, ಶಸ್ತ್ರಚಿಕಿತ್ಸೆಯ ದಿನ, ಚೇತರಿಕೆಗೆ ವೈದ್ಯರು ಹೇಳಿದ ಅವಧಿ. ಅಮ್ಮ ಒಬ್ಬರೇ ಇರುವುದನ್ನು ಒಂದೇ ವಾಕ್ಯದಲ್ಲಿ ಹೇಳಿ. ನಮ್ಮವರು ಇಂಥ ಪತ್ರದಲ್ಲಿ ಮನೆಯ ಕಷ್ಟವನ್ನೆಲ್ಲ ಬಿಡಿಸಿಡುತ್ತಾರೆ, ಓದುವವರ ಮನ ಕರಗಲೆಂದು. ಕರಗುವುದು ವಿವರದಿಂದಲ್ಲ, ಮೂರು ದಿನಾಂಕಗಳು ಸಾಲಾಗಿ ನಿಂತರೆ ಸಾಕು. ನಂತರ ವೀಸಾದ ಸ್ಥಿತಿ. ಕೊನೆಗೆ, ಬೇರೆಡೆ ಅರ್ಜಿ ಹಾಕುವುದಿಲ್ಲವೆಂಬ ಕರಾರಿಗೆ ಸಿದ್ಧ ಎಂಬ ಮಾತು. ನಿಜವಾಗಿ ಸಿದ್ಧರಿದ್ದರೆ ಮಾತ್ರ. ವೈದ್ಯರ ಪತ್ರ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಮುದ್ರೆಯೊಂದಿಗೆ ಜೊತೆಗಿರಲಿ. ಹಣದ ವಿಷಯ ಕೇಳಿದರೆ ಮುಚ್ಚಿಡದೆ ಹೇಳಿ, ಆದರೆ ಪತ್ರದಲ್ಲಿ ಅದನ್ನೇ ಕಾರಣವಾಗಿ ಮುಂದಿಡಬೇಡಿ.

ಒಂದು ವಾಕ್ಯದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ‘ಈ ಆಗಸ್ಟಿನಲ್ಲಿ ಬರಲಾಗುವುದಿಲ್ಲ, ದಯವಿಟ್ಟು ಮುಂದೂಡಿ’ ಎಂದು ಬರೆಯಬೇಡಿ. ಅದರ ಮೊದಲ ಅರ್ಧವನ್ನು ಓದಿ ನಿಮ್ಮ ಸೀಟು ಖಾಲಿಯಾಯಿತೆಂದು ಗುರುತು ಹಾಕಿ, ಅಂದೇ ಇನ್ನೊಬ್ಬರಿಗೆ ಕರೆ ಮಾಡುವ ಹಕ್ಕು ಅವರಿಗಿದೆ. ಬದಲಿಗೆ, ‘ಈ ವರ್ಷದ ನನ್ನ ಸೀಟನ್ನು ನಾನು ಬಿಟ್ಟುಕೊಡುತ್ತಿಲ್ಲ. ಮುಂದೂಡಿಕೆ ಸಾಧ್ಯವಿಲ್ಲವಾದರೆ ಈ ವರ್ಷವೇ ಸೇರುವ ಬಗ್ಗೆ ನಿಮ್ಮ ಉತ್ತರ ಬಂದ ಎರಡು ದಿನದೊಳಗೆ ಖಚಿತವಾಗಿ ತಿಳಿಸುತ್ತೇನೆ’ ಎಂಬ ಅರ್ಥ ಬರುವಂತೆ ಬರೆಯಿರಿ. ಬರಹದ ಒಪ್ಪಿಗೆ ಕೈಗೆ ಬರುವವರೆಗೆ ಪೋರ್ಟಲ್‌ನಲ್ಲಿ ಯಾವ ಗುಂಡಿಯನ್ನೂ ಒತ್ತಬೇಡಿ. ಫೋನಿನಲ್ಲಿ ‘ಪರವಾಗಿಲ್ಲ, ನೋಡೋಣ’ ಎಂದದ್ದು ಒಪ್ಪಿಗೆಯಲ್ಲ.

ಒಪ್ಪಿದರೆ, ಕರಾರಿನಲ್ಲಿ ಮೂರು ಸಂಗತಿ ಹುಡುಕಿ ಓದಿ: ಕಟ್ಟಿದ ಠೇವಣಿ ಮುಂದಿನ ವರ್ಷಕ್ಕೆ ಸಲ್ಲುತ್ತದೆಯೇ, ವಿದ್ಯಾರ್ಥಿವೇತನಕ್ಕೆ ಹೊಸದಾಗಿ ಪರಿಗಣಿಸುತ್ತಾರೆಯೇ, ಮುಂದಿನ ವರ್ಷ ಯಾವ ದಿನಾಂಕದೊಳಗೆ ಮತ್ತೆ ದೃಢೀಕರಿಸಬೇಕು. ಆ ದೃಢೀಕರಣದ ದಿನ ತಪ್ಪಿಸಿ ಸೀಟು ಕಳೆದುಕೊಂಡವರಿದ್ದಾರೆ. ಐ-20ರ ಆರಂಭ ದಿನಾಂಕ ಬದಲಿಸುವ ಕೆಲಸ ಪ್ರವೇಶ ಕಚೇರಿಯದ್ದಲ್ಲ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯದ್ದು. ಅವರಿಗೆ ಬೇರೆಯಾಗಿ ಬರೆಯಿರಿ.

ಒಪ್ಪದಿದ್ದರೆ? ಮೊದಲು ಇನ್ನೊಂದು ಸಣ್ಣ ಪ್ರಶ್ನೆ ಕೇಳಿ: ಓರಿಯಂಟೇಷನ್‌ಗೆ ಕೆಲವು ದಿನ ತಡವಾಗಿ ಬರಬಹುದೇ. ಒಂದು ವರ್ಷ ಕೊಡದವರು ಕೆಲವು ದಿನ ಕೊಡಬಹುದು. ಬೈಪಾಸ್ ತೊಡಕಿಲ್ಲದೆ ಮುಗಿದರೆ ರೋಗಿಗಳು ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮನೆಗೆ ಬರುತ್ತಾರೆ, ಪೂರ್ತಿ ಚೇತರಿಕೆಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಮೊದಲ ಎರಡು ವಾರ ನೀವಿದ್ದು, ಆ ಮೇಲೆ ಯಾರಾದರೂ ಬಂಧುಗಳು ಇರುವಂತೆ ಮಾಡಲು ಸಾಧ್ಯವಾದರೆ, ವೀಸಾವೂ ಕೈಗೂಡಿದರೆ, ಈ ವರ್ಷವೇ ಹೋಗುವುದು ಅಸಾಧ್ಯವೇನಲ್ಲ. ಆದರೆ ತರಗತಿಗಳು ಆರಂಭವಾದ ಮೇಲೆ ತಡವಾಗಿ ಸೇರಲು ಕೇಳಬೇಡಿ. ಜೆ.ಡಿ.ಯ ಮೊದಲ ವರ್ಷದ ಅಂಕಗಳ ಮೇಲೆಯೇ ಮುಂದಿನ ಕೆಲಸದ ಸಂದರ್ಶನಗಳು ನಿಂತಿರುತ್ತವೆ; ಆ ಓಟದಲ್ಲಿ ಹಿಂದೆ ಬಿದ್ದು ಶುರುಮಾಡುವುದು ಒಳ್ಳೆಯದಲ್ಲ.

ಎರಡನೆಯ ದಾರಿ, ಬಿಟ್ಟುಬಂದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡುವುದು. ನಾಚಿಕೆ ಬೇಡ. ನಿಮ್ಮ ವೀಸಾ ಅವರ ಹೆಸರಿನಲ್ಲೇ ಇದೆ, ಅವರ ಐ-20 ಇನ್ನೂ ರದ್ದಾಗಿರದೆ ಇದ್ದರೆ ಹಾದಿ ಚೊಕ್ಕ. ಆ ಜಾಗ ಇನ್ನೂ ಖಾಲಿ ಇರಬಹುದು, ಇಲ್ಲದಿರಲೂಬಹುದು. ಸೀಟು ಕೊಟ್ಟರೂ ವಿದ್ಯಾರ್ಥಿವೇತನ ಹಿಂದಿನಷ್ಟೇ ಇರುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಅಲ್ಲಿಯೂ ಈ ವರ್ಷ ಹೋಗುವ ಮಾತೇ ಆಗಿರುವುದರಿಂದ ತಂದೆಯವರ ಪ್ರಶ್ನೆ ಉಳಿದೇ ಇರುತ್ತದೆ. ಆದರೆ ಅವರಿಂದ ಸೀಟು ಪಡೆದದ್ದು ವೇಟ್‌ಲಿಸ್ಟ್‌ನಿಂದ ಅಲ್ಲವಾದ್ದರಿಂದ, ಅಲ್ಲಿ ಮುಂದೂಡಿಕೆ ಕೇಳಿದರೂ ಕಿವಿಗೊಡಬಹುದು.

ಮೂರನೆಯದು, ತರಗತಿ ಆರಂಭವಾಗುವ ಮೊದಲು ಮರ್ಯಾದೆಯಿಂದ ಹಿಂದೆ ಸರಿದು ಈ ಶರತ್ಕಾಲದಲ್ಲಿ ಮತ್ತೆ ಅರ್ಜಿ ಹಾಕುವುದು. ಠೇವಣಿ ಹೋಗುತ್ತದೆ, ಹೋಗಲಿ. ಇದೇ ಕಾಲೇಜಿಗೂ ಮತ್ತೆ ಹಾಕಬಹುದು. ಕೆಟ್ಟ ಹೆಸರು ಉಳಿಯುವುದಿಲ್ಲ. ಮಾಡಬಾರದ ಕೆಲಸ ಒಂದೇ: ‘ಸೀಟು ಹೋಗದಿರಲಿ’ ಎಂದು ಹೋಗಿ ಸೇರಿ, ಮೂರು ವಾರದಲ್ಲಿ ಮನೆಯ ಚಿಂತೆ ತಾಳಲಾರದೆ ಬಿಟ್ಟುಬರುವುದು. ಮುಂದೆ ಯಾವ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರೂ ‘ಹಿಂದೆ ಯಾವುದಾದರೂ ಕಾನೂನು ಕಾಲೇಜಿಗೆ ಸೇರಿದ್ದಿರಾ’ ಎಂಬ ಪ್ರಶ್ನೆ ಇರುತ್ತದೆ. ಸೇರುವ ಮೊದಲು ಬಿಟ್ಟವರಿಗೂ ಸೇರಿ ಬಿಟ್ಟವರಿಗೂ ಅಲ್ಲಿ ಅಜಗಜಾಂತರ. ಅಷ್ಟರಲ್ಲಿ ಮೊದಲ ಸೆಮಿಸ್ಟರ್‌ನ ಶುಲ್ಕದ ಒಂದು ಭಾಗವೂ ಹೋಗಿರುತ್ತದೆ, ಎಫ್-1 ಸ್ಥಿತಿಯೂ ಕೊನೆಗೊಂಡಿರುತ್ತದೆ.

ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳೂ ಈ ಪ್ರಶ್ನೆ ಕೇಳುತ್ತಾರೆ, ಅವರಿಗಾಗಿ ಎರಡು ಮಾತು. ವೀಸಾದ ಚಿಂತೆ ನಿಮಗಿಲ್ಲ, ಸಾಲದ ಚಿಂತೆ ಇದೆ. 2025ರ ಜುಲೈ 4ರಂದು ಸಹಿಯಾದ ಕಾಯಿದೆಯ ಪ್ರಕಾರ 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರ್ಯಾಡ್ ಪ್ಲಸ್ (ಪದವಿಯ ನಂತರದ ಓದಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ) ಸಾಲ ಇಲ್ಲ. ಕಾನೂನು ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್. ಖಾಸಗಿ ಕಾಲೇಜಿನ ವರ್ಷದ ಖರ್ಚು ಅದಕ್ಕಿಂತ ಎಷ್ಟೋ ಮೇಲೆ. ಮುಂದೂಡುವ ಮುನ್ನ ಉಳಿದ ಹಣ ಎಲ್ಲಿಂದ ಬರುತ್ತದೆ ಎಂದು ಕಾಲೇಜಿನ ಹಣಕಾಸು ನೆರವಿನ ಕಚೇರಿಯೊಂದಿಗೆ ಮಾತಾಡಿಕೊಳ್ಳಿ.

ನಿಮ್ಮ ವಿಷಯಕ್ಕೆ ಮರಳಿದರೆ, ಈಗಾಗಲೇ ರಾಜೀನಾಮೆ ಕೊಟ್ಟಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಕೊಟ್ಟಿದ್ದರೆ, ಕಾಲೇಜಿಗೆ ಪತ್ರ ಕಳುಹಿಸುವ ದಿನವೇ ಕಂಪನಿಯ ವ್ಯವಸ್ಥಾಪಕರಿಗೂ ವಿಷಯ ತಿಳಿಸಿ, ಕೊನೆಯ ದಿನವನ್ನು ಎರಡು ವಾರ ಮುಂದಕ್ಕೆ ಹಾಕಲು ಕೇಳಿ. ತಂದೆಯವರು ನಿಮ್ಮ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದರೆ ಇದು ಎಲ್ಲಕ್ಕಿಂತ ಮೊದಲ ಕೆಲಸ, ಏಕೆಂದರೆ ನೀವು ಕೆಲಸ ಬಿಟ್ಟ ದಿನ ಆ ರಕ್ಷಣೆಯೂ ನಿಲ್ಲುತ್ತದೆ. ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ತೆರೆಯುವಾಗ ನಮ್ಮಲ್ಲಿ ಸಂಜೆ ಆರೂವರೆ. ಶುಕ್ರವಾರ ತಪ್ಪಿದರೆ ಸೋಮವಾರದವರೆಗೆ ಯಾರೂ ಸಿಗುವುದಿಲ್ಲ. ವೈದ್ಯರ ಪತ್ರ ಕೈಗೆ ಬಂದಿರದಿದ್ದರೂ ಪರವಾಗಿಲ್ಲ, ಫೋನ್ ಇಂದೇ ಮಾಡಿ. ಪತ್ರವನ್ನು ಮರುದಿನ ಕಳುಹಿಸಬಹುದು.